ಗೆಕ್ಕೊಗೆ ಹೊಟ್ಟೆ ಕಟ್ಟಿದರೆ: ಗೆಕ್ಕೊ ಮೇಲೆ ಕೈ ಹಾಕುವ ಮೊದಲು ಥರ್ಮಾಮೀಟರ್ ನೋಡಿ

ನಮ್ಮ ಚುಕ್ಕಿ ಒಂದು ಲೆಪರ್ಡ್ ಗೆಕ್ಕೊ, ಅಂದರೆ ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ. ಈ ಒಂದು ವಿಷಯದಲ್ಲಿ ಬಹಳ ಅಚ್ಚುಕಟ್ಟು. ಹಿಕ್ಕೆ ಹಾಕುವುದು ಟ್ಯಾಂಕಿನ ಎಡಮೂಲೆಯಲ್ಲಿ ಮಾತ್ರ. ಒಂದು ಸಲ ಆ ಮೂಲೆ ನಾಲ್ಕು ದಿನ ಖಾಲಿ ಇತ್ತು. ಐದನೇ ದಿನ ಹುಳು ಹಾಕಿದರೆ, ಹತ್ತಿರ ಬಂದು ನೋಡಿ ಮುಖ ತಿರುಗಿಸಿದಳು. ಹೊಟ್ಟೆ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತಿತ್ತು. ಟ್ಯಾಂಕಿನಲ್ಲಿ ಒಂದು ಕಾಳು ಮರಳೂ ಇಲ್ಲ, ಹೊಟ್ಟೆ ಹೇಗೆ ಕಟ್ಟುತ್ತದೆ ಅಂತ ನನಗೆ ತಲೆಬುಡ ಅರ್ಥವಾಗಲಿಲ್ಲ. ಟ್ಯಾಂಕಿನ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ನೋಡಿದೆ. 32 ಡಿಗ್ರಿ ತೋರಿಸುತ್ತಿತ್ತು. ಸರಿಯಾಗೇ ಇದೆಯಲ್ಲ ಅಂದುಕೊಂಡೆ.

ಸರಿ ಇರಲಿಲ್ಲ. ಹಿಂದಿನ ತಿಂಗಳು ಚೆಂದ ಕಾಣಲಿ ಅಂತ ಬಿಸಿ ಬದಿಯಲ್ಲಿ ಒಂದು ದಪ್ಪ ಸ್ಲೇಟ್ ಕಲ್ಲು ಹಾಕಿದ್ದೆ. ಥರ್ಮೋಸ್ಟಾಟಿನ ಪ್ರೋಬ್, ಅಂದರೆ ಬಿಸಿ ಅಳೆಯುವ ತುದಿ, ಗಾಜಿನ ಕೆಳಗೆ ತಳ ಕಾಯಿಸುವ ಹೀಟ್ ಮ್ಯಾಟಿಗೆ ಅಂಟಿಕೊಂಡಿತ್ತು. ಅಲ್ಲಿ 32 ಇದ್ದದ್ದು ನಿಜವೇ. ಆದರೆ ಚುಕ್ಕಿ ಹೊಟ್ಟೆ ಊರಿ ಮಲಗುವುದು ಕಲ್ಲಿನ ಮೇಲೆ. ಅಲ್ಲಿ ಟೆಂಪರೇಚರ್ ಗನ್ ಹಿಡಿದರೆ 26. ತಿಂದದ್ದು ಕರಗಿಸಲು ಬೇಕಾದ ಬಿಸಿ ಅವಳಿಗೆ ಸಿಕ್ಕೇ ಇರಲಿಲ್ಲ.

ಹೀಗೆ ತಿಂದದ್ದು ಕರುಳಿನಲ್ಲಿ ಸಿಕ್ಕಿಕೊಂಡು ಹೊಟ್ಟೆ ಕಟ್ಟುವುದಕ್ಕೆ ಇಂಪ್ಯಾಕ್ಷನ್ ಅನ್ನುತ್ತಾರೆ. ಇಂಪ್ಯಾಕ್ಷನ್ ಅಂದ ತಕ್ಷಣ ಎಲ್ಲರೂ ಮರಳಿನ ತಲೆ ಮೇಲೆ ಗೂಬೆ ಕೂರಿಸುತ್ತಾರೆ. ಮರಳು ನಿರಪರಾಧಿ ಅಂತ ನಾನು ಹೇಳುವುದಿಲ್ಲ. ಆದರೆ ಬಿಸಿ ಸಾಲದೆ, ನೀರು ಸಾಲದೆ ಕರುಳು ನಿಧಾನವಾಗುವುದೇ ಎಷ್ಟೋ ಸಲ ಮೊದಲ ಕಾರಣ. ಮರಳು, ಹುಳುವಿನ ಸಿಪ್ಪೆ ಇವೆಲ್ಲ ಆಮೇಲೆ ಬಂದು ಅಲ್ಲಿ ಸೇರಿಕೊಳ್ಳುತ್ತವೆ. ಈ ಬರಹದ ಹಂತಗಳು ಅದೇ ಲೆಕ್ಕದಲ್ಲಿವೆ. ಮೊದಲು ಟ್ಯಾಂಕ್ ಸರಿ ಮಾಡುವುದು, ಗೆಕ್ಕೊ ಮೇಲೆ ಕೈ ಹಾಕುವುದು ಆಮೇಲೆ.

ಇವು ಕಂಡರೆ ಮುಂದೆ ಓದಬೇಡಿ, ಡಾಕ್ಟರ ಹತ್ತಿರ ಹೊರಡಿ

ಮನೆಯಲ್ಲಿ ಏನೂ ಪ್ರಯೋಗ ಮಾಡಬಾರದ ಪರಿಸ್ಥಿತಿಗಳಿವೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಲದ ಬುಡದ ಕಿಂಡಿಯಿಂದ ಕೆಂಪಗೆ, ಒದ್ದೆಯಾಗಿ ಏನಾದರೂ ಹೊರಗೆ ಬಂದು ಒಳಗೆ ಹೋಗದೆ ನಿಂತಿದ್ದರೆ ಅದು ಪ್ರೊಲ್ಯಾಪ್ಸ್. ತಿಣುಕಿ ತಿಣುಕಿ ಒಳಗಿನ ಭಾಗವೇ ಹೊರಗೆ ಬಂದಿದೆ ಅಂತ ಅರ್ಥ. ಅದು ಒಣಗಿದರೆ ಆ ಭಾಗ ಸಾಯುತ್ತದೆ. ಸಲೈನ್ ಅಥವಾ ಶುದ್ಧ ನೀರಿನಲ್ಲಿ ನೆನೆಸಿದ ಗಾಜ್ ಬಟ್ಟೆ ಮುಚ್ಚಿ, ಪೇಪರ್ ಟವಲ್ ಹಾಸಿದ ಡಬ್ಬಿಯಲ್ಲಿ ಇಟ್ಟು, ಅದೇ ದಿನ ಕರೆದುಕೊಂಡು ಹೋಗಿ. ಬೆರಳಿನಿಂದ ಒಳಗೆ ತಳ್ಳಲು ಹೋಗಬೇಡಿ.

ಹಿಂಗಾಲು ಎಳೆಯುತ್ತಿದ್ದರೆ, ನಡೆಯುವಾಗ ಹೊಟ್ಟೆ ನೆಲಕ್ಕೆ ಉಜ್ಜುತ್ತಿದ್ದರೆ, ಒಂದಕ್ಕಿಂತ ಹೆಚ್ಚು ಸಲ ವಾಂತಿ ಮಾಡಿದ್ದರೆ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ, ಮುಟ್ಟಿದರೂ ಕಣ್ಣು ಬಿಡದಷ್ಟು ಸುಸ್ತಾಗಿದ್ದರೆ ಕೂಡ ಹಾಗೆಯೇ. ಬೆರಳುದ್ದದ ಮರಿಯಾಗಿದ್ದರೆ ಇನ್ನೂ ಬೇಗ ಹೊರಡಿ. ಮರಿಯ ಮೈಯಲ್ಲಿ ಕೂಡಿಟ್ಟ ಕೊಬ್ಬು ಕಡಿಮೆ, ಕಾಯುವ ಶಕ್ತಿಯೂ ಕಡಿಮೆ.

ಹಂತ 1: ನಿಜವಾಗಿ ಹೊಟ್ಟೆ ಕಟ್ಟಿದೆಯಾ ನೋಡಿ

ಊಟ ಬಿಟ್ಟ ಗೆಕ್ಕೊಗೆಲ್ಲ ಇಂಪ್ಯಾಕ್ಷನ್ ಆಗಿರುವುದಿಲ್ಲ. ಪೊರೆ ಕಳಚುವ ಮುಂಚೆ ಮೈ ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ, ಒಂದೆರಡು ದಿನ ತಿನ್ನದೆ ಕೂರುತ್ತವೆ. ಮೊನ್ನೆ ತಾನೇ ಹೊಸ ಮನೆಗೆ ಬಂದಿದ್ದರೆ ಒಂದು ವಾರ ಮೂಲೆಯಲ್ಲಿ ಅಡಗಿರುವುದೂ ಉಂಟು. ಸಂತಾನದ ಕಾಲದಲ್ಲಿ ದೊಡ್ಡ ಗಂಡುಗಳು ಊಟದ ಕಡೆ ತಿರುಗಿಯೂ ನೋಡುವುದಿಲ್ಲ. ತಿನ್ನದೇ ಇದ್ದರೆ ಹಿಕ್ಕೆಯೂ ಬರುವುದಿಲ್ಲ, ಅಲ್ವಾ?

ಹಾಗಾಗಿ ಮೊದಲು ಲೆಕ್ಕ ಹಾಕಿ. ಕೊನೆಯ ಸಲ ತಿಂದದ್ದು ಯಾವಾಗ? ಕೊನೆಯ ಹಿಕ್ಕೆ ಯಾವಾಗ? ತಿಂದ ಮೇಲೆ ಬರಬೇಕಾದದ್ದು ಬಂದಿಲ್ಲ ಅನ್ನುವುದೇ ಇಲ್ಲಿ ಮುಖ್ಯ ಸುಳಿವು. ಮರಿಗಳು ಹೆಚ್ಚುಕಡಿಮೆ ದಿನಾ ಹಿಕ್ಕೆ ಹಾಕುತ್ತವೆ. ಬೆಳೆದವು ತಿಂದದ್ದನ್ನು ನೋಡಿಕೊಂಡು ಎರಡು ಮೂರು ದಿನಕ್ಕೊಮ್ಮೆ ಹಾಕುತ್ತವೆ. ಆರೋಗ್ಯದ ಹಿಕ್ಕೆಯಲ್ಲಿ ಎರಡು ಭಾಗ ಇರುತ್ತದೆ. ಕಂದು ಬಣ್ಣದ, ಆಕಾರ ಇರುವ ಮಲ ಒಂದು. ಅದರ ಪಕ್ಕದಲ್ಲಿ ಬಿಳಿ ಯೂರೇಟ್, ಅಂದರೆ ಮೂತ್ರದ ಗಟ್ಟಿ ರೂಪ. ಎರಡೂ ಬರುವುದು ಒಂದೇ ಕಿಂಡಿಯಿಂದ. ಆ ಬಿಳಿ ಭಾಗ ಹಳದಿಗೆ ತಿರುಗಿ ಸುಣ್ಣದ ಹರಳಿನಂತೆ ಗಟ್ಟಿಯಾಗಿ ಬರುತ್ತಿದ್ದರೆ, ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅದು ಎಷ್ಟೋ ದಿನ ಮುಂಚೆಯೇ ಹೇಳುತ್ತಿರುತ್ತದೆ.

ಆಮೇಲೆ ಹೊಟ್ಟೆ ನೋಡಿ. ಕೈಯಲ್ಲಿ ಹಿಡಿದು ತಿರುಗಿಸಬೇಡಿ. ಪಾರದರ್ಶಕ ಡಬ್ಬಿಯೊಳಗೆ ಬಿಟ್ಟು, ಡಬ್ಬಿಯನ್ನೇ ಎತ್ತಿ ಕೆಳಗಿನಿಂದ ನೋಡಿ. ಲೆಪರ್ಡ್ ಗೆಕ್ಕೊ ಹೊಟ್ಟೆಯ ಚರ್ಮ ತೆಳ್ಳಗಿರುತ್ತದೆ, ಒಳಗಿನ ನೆರಳು ಸ್ವಲ್ಪ ಮಟ್ಟಿಗೆ ಕಾಣುತ್ತದೆ. ಇಲ್ಲೇ ಹೊಸಬರು ಎಡವುವುದು. ಹೊಟ್ಟೆಯ ಮೇಲ್ಭಾಗದಲ್ಲಿ ಕಪ್ಪಗೆ ಕಾಣುವುದು ಬಹಳ ಸಲ ಬರೀ ಲಿವರ್. ಹೆಣ್ಣಾಗಿದ್ದರೆ ಎರಡು ಬದಿಯಲ್ಲಿ ಒಂದೊಂದು ಉದ್ದನೆಯ ಬಿಳಿ ಆಕಾರ ಕಂಡರೆ ಅವು ಮೊಟ್ಟೆಗಳು. ಗಂಡಿನ ಜೊತೆ ಇಲ್ಲದಿದ್ದರೂ ಹೆಣ್ಣು ಮೊಟ್ಟೆ ಕಟ್ಟಬಹುದು. ಮೊಟ್ಟೆ ಇರುವ ಅನುಮಾನ ಇದ್ದರೆ ಹೊಟ್ಟೆ ಉಜ್ಜುವ ಮಾತೇ ಬೇಡ, ನೇರ ಡಾಕ್ಟರಿಗೆ ತೋರಿಸಿ. ಹೊಟ್ಟೆಯ ಕೆಳಭಾಗದಲ್ಲಿ, ಹಿಂಗಾಲಿನ ಹತ್ತಿರ, ಮೊದಲು ಇಲ್ಲದಿದ್ದ ಕಪ್ಪು ಅಥವಾ ನೀಲಿ ಛಾಯೆಯ ಉಬ್ಬು ಕಂಡರೆ ಇಂಪ್ಯಾಕ್ಷನ್ ಅನುಮಾನ ಬಲವಾಗುತ್ತದೆ. ಚೆನ್ನಾಗಿದ್ದಾಗಲೇ ಒಂದು ಹೊಟ್ಟೆಯ ಫೋಟೊ ತೆಗೆದಿಟ್ಟುಕೊಂಡರೆ ಈಗ ಹೋಲಿಸಿ ನೋಡಬಹುದು. ನನ್ನ ಹತ್ತಿರ ಇರಲಿಲ್ಲ, ಈಗ ತಿಂಗಳಿಗೊಂದು ತೆಗೆಯುತ್ತೇನೆ.

ಬಾಲ ಎತ್ತಿ, ಹಿಂಭಾಗ ತಗ್ಗಿಸಿ ಹಿಕ್ಕೆ ಹಾಕುವ ಭಂಗಿಯಲ್ಲಿ ನಿಂತು, ಏನೂ ಬಾರದೆ ಸುಮ್ಮನೆ ನಡೆದುಬಿಡುವುದನ್ನು ನೋಡಿದರೆ ಅನುಮಾನ ಇನ್ನೂ ಬಲವಾಗುತ್ತದೆ.

ಕೊನೆಗೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬೆಳೆದ ಲೆಪರ್ಡ್ ಗೆಕ್ಕೊ ಸಾಮಾನ್ಯವಾಗಿ 45ರಿಂದ 80 ಗ್ರಾಂ ಇರುತ್ತದೆ. ಆ ಅಂಕಿಗಿಂತ ನಿಮ್ಮ ಗೆಕ್ಕೊ ಹೋದ ತಿಂಗಳು ಎಷ್ಟಿತ್ತು ಅನ್ನುವುದೇ ಮುಖ್ಯ. ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ಕಾಯುತ್ತಾ ಕೂರಬೇಡಿ. ಬಾಲ ನೋಡಿದರೂ ಗೊತ್ತಾಗುತ್ತದೆ. ಕೊಬ್ಬನ್ನು ಅವು ಹೆಚ್ಚಾಗಿ ಕೂಡಿಡುವುದು ಅಲ್ಲೇ.

ಹಂತ 2: ಬಿಸಿ ಅಳೆಯಿರಿ

ಗೆಕ್ಕೊ ತನ್ನ ಮೈ ತಾನೇ ಬೆಚ್ಚಗೆ ಮಾಡಿಕೊಳ್ಳುವ ಪ್ರಾಣಿ ಅಲ್ಲ. ಹೊರಗಿನ ಬಿಸಿ ಎಷ್ಟೋ ಒಳಗಿನ ಕೆಲಸವೂ ಅಷ್ಟೇ. ಜೀರ್ಣರಸಗಳು ಕೆಲಸ ಮಾಡಲು ಬಿಸಿ ಬೇಕು, ಕರುಳು ಹಿಂಡಿ ಹಿಂಡಿ ಆಹಾರ ಮುಂದೆ ತಳ್ಳಲೂ ಬಿಸಿ ಬೇಕು. ಬಿಸಿ ಕಡಿಮೆಯಾದರೆ ತಿಂದ ಹುಳು ಕರಗದೆ ಅಲ್ಲೇ ಕೂರುತ್ತದೆ. ಅದರಲ್ಲಿನ ನೀರನ್ನು ಮೈ ಹೀರಿಕೊಳ್ಳುತ್ತಲೇ ಇರುತ್ತದೆ. ದಿನ ಕಳೆದಂತೆ ಒಳಗಿನದು ಒಣಗಿ ಗಟ್ಟಿಯಾಗುತ್ತದೆ.

ಲೆಪರ್ಡ್ ಗೆಕ್ಕೊಗೆ ಬಿಸಿ ಬದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು. ತಂಪು ಬದಿ 24ರಿಂದ 26. ಎರಡೂ ಬೇಕು. ಒಂದೇ ಕಡೆ ಬೇಯಿಸಿದರೆ ನೀರು ಇನ್ನೂ ಬೇಗ ಆರುತ್ತದೆ. ಬಿಸಿ ಬದಿಯಲ್ಲಿ ಅಡಗುವ ಗೂಡು ಇದೆಯಾ ನೋಡಿ. ಮರೆ ಇಲ್ಲದಿದ್ದರೆ ಎಷ್ಟು ಬೆಚ್ಚಗಿದ್ದರೂ ಅವು ಅಲ್ಲಿ ಹೋಗಿ ಮಲಗುವುದಿಲ್ಲ, ತಂಪು ಬದಿಯ ಗೂಡಲ್ಲೇ ದಿನ ಕಳೆಯುತ್ತವೆ.

ಅಳೆಯುವಾಗ ಗೆಕ್ಕೊ ಮಲಗುವ ಜಾಗದಲ್ಲೇ ಅಳೆಯಿರಿ. ಗಾಜಿಗೆ ಅಂಟಿಸುವ ದುಂಡನೆಯ ಮುಳ್ಳಿನ ಮೀಟರ್ ಗಾಳಿಯ ಬಿಸಿ ತೋರಿಸುತ್ತದೆ, ನೆಲದ್ದಲ್ಲ. ಅದನ್ನು ನಾನು ನಂಬುವುದಿಲ್ಲ. ವೈರಿನ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಅಥವಾ ಟೆಂಪರೇಚರ್ ಗನ್ ಬೇಕು. ಗೂಡನ್ನು ಎತ್ತಿ ಅದರ ಒಳನೆಲಕ್ಕೆ ಹಿಡಿಯಿರಿ. ಬೆಳಿಗ್ಗೆ ಒಮ್ಮೆ, ಮಧ್ಯರಾತ್ರಿ ಒಮ್ಮೆ ನೋಡಿ. ಹಗಲು ಸರಿಯಿದ್ದು ರಾತ್ರಿ ಬಿಸಿ ಇಳಿದುಹೋಗುವ ಟ್ಯಾಂಕುಗಳು ಬಹಳ.

ಕಡಿಮೆ ಇದ್ದರೆ ಥರ್ಮೋಸ್ಟಾಟನ್ನು ಒಂದೊಂದು ಡಿಗ್ರಿ ಏರಿಸುತ್ತಾ ಮೇಲ್ಮೈ ಅಳೆಯುತ್ತಾ ಹೋಗಿ. ನಾನು ಮಾಡಿದ್ದು ಅದಕ್ಕಿಂತ ಸುಲಭ. ದಪ್ಪ ಕಲ್ಲು ತೆಗೆದು ತೆಳ್ಳನೆ ಟೈಲ್ ಹಾಕಿದೆ, ಪ್ರೋಬನ್ನು ಟೈಲಿನ ಮೇಲೆ ತಂದೆ. ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್, ಕರೆಂಟಿನಲ್ಲಿ ಕಾಯುವ ಬಿಸಿ ಕಲ್ಲು ಇವೆರಡೂ ಬೇಡ. ಹೊಟ್ಟೆ ಸುಟ್ಟುಕೊಂಡರೂ ಗೆಕ್ಕೊಗಳು ಎದ್ದು ಹೋಗದೆ ಅಲ್ಲೇ ಮಲಗಿರುತ್ತವೆ.

ಕ್ರೆಸ್ಟೆಡ್ ಗೆಕ್ಕೊ ಸಾಕಿದವರು ಈ ಅಂಕಿಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಅದು ಪೆಸಿಫಿಕ್ ಸಾಗರದ ದ್ವೀಪ ನ್ಯೂ ಕ್ಯಾಲಿಡೋನಿಯಾದ ಕಾಡಿನ ಪ್ರಾಣಿ. ಅದಕ್ಕೆ 22ರಿಂದ 26 ಡಿಗ್ರಿ ಸಾಕು. 28 ದಾಟಿದರೆ ಸಂಕಟ ಶುರು. ಕ್ರೆಸ್ಟೆಡ್‌ಗೆ ಹೊಟ್ಟೆ ಕಟ್ಟಿದರೆ ನಾನು ಮೊದಲು ಕೇಳುವುದು ತೇವದ ಬಗ್ಗೆ. ಬಟ್ಟಲಿನ ನೀರಿಗಿಂತ ಎಲೆ ಮೇಲಿನ ಹನಿ ನೆಕ್ಕಿ ಕುಡಿಯುವುದೇ ಅದರ ಅಭ್ಯಾಸ. ಸಂಜೆ ನೀರು ಸಿಂಪಡಿಸುವುದು ತಪ್ಪಿಸಿದರೆ ಬಟ್ಟಲು ತುಂಬಿದ್ದರೂ ಬಾಯಾರಿ ಕೂರುತ್ತದೆ.

ಹಂತ 3: ಟ್ಯಾಂಕ್ ಖಾಲಿ ಮಾಡಿ

ಮರಳು, ತೆಂಗಿನ ನಾರಿನ ಪುಡಿ, ಮರದ ಚೂರು, ಏನೇ ಹಾಸಿದ್ದರೂ ತೆಗೆದು ಪೇಪರ್ ಟವಲ್ ಹಾಸಿ. ಇನ್ನಷ್ಟು ನುಂಗದಿರಲಿ ಅನ್ನುವುದು ಒಂದು ಕಾರಣ. ಹಿಕ್ಕೆ ಬಂದರೆ ಕಣ್ಣಿಗೆ ಬೀಳಬೇಕು ಅನ್ನುವುದು ಇನ್ನೊಂದು. ಗೂಡುಗಳು, ನೀರಿನ ಬಟ್ಟಲು ಇದ್ದಲ್ಲೇ ಇರಲಿ. ಕಾಯಿಲೆಯ ಜೊತೆಗೆ ಪರಿಚಯವಿಲ್ಲದ ಮನೆ ಬೇರೆ ಬೇಡ. ಜೊತೆಗೆ ಬೇರೆ ಗೆಕ್ಕೊ ಇದ್ದರೆ ಬೇರೆ ಮಾಡಿ. ಇಲ್ಲದಿದ್ದರೆ ಯಾರ ಹಿಕ್ಕೆ ಯಾರದು ಅಂತ ಪಂಚಾಯಿತಿ ಮಾಡುತ್ತಾ ಕೂರಬೇಕು.

ಹಂತ 4: ಊಟ ನಿಲ್ಲಿಸಿ, ನೀರು ಕೊಡಿ

ತಿಂದಿಲ್ಲ ಪಾಪ ಅಂತ ಬಾಯಿ ತೆರೆಸಿ ತುರುಕುವವರಿದ್ದಾರೆ. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ಗಾಡಿ ಬಿಟ್ಟ ಹಾಗಾಗುತ್ತದೆ ಅದು. ಬಾಲ ದಪ್ಪಗಿರುವ ಬೆಳೆದ ಗೆಕ್ಕೊ ಕೆಲವು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಟ್ಯಾಂಕಿನಲ್ಲಿ ಉಳಿದ ಕ್ರಿಕೆಟ್ ಹುಳುಗಳನ್ನೂ ಹಿಡಿದು ತೆಗೆಯಿರಿ. ಸುಸ್ತಾದ ಗೆಕ್ಕೊವನ್ನು ಅವು ಕಚ್ಚುತ್ತವೆ.

ನೀರು ಮಾತ್ರ ಯಾವಾಗಲೂ ಇರಲಿ. ಮೂಗಿನ ತುದಿಗೆ ಒಂದು ಹನಿ ನೀರು ತಾಗಿಸಿ. ಬೇಕಿದ್ದರೆ ನಾಲಿಗೆ ಚಾಚಿ ನೆಕ್ಕುತ್ತದೆ. ನೆಕ್ಕಿದರೆ ಇನ್ನೊಂದು ಹನಿ. ಸಿರಿಂಜ್ ಬಾಯೊಳಗೆ ತೂರಿಸಿ ಒತ್ತಬೇಡಿ. ನೀರು ಶ್ವಾಸಕೋಶಕ್ಕೆ ಹೋದರೆ ಇರುವ ರೋಗದ ಮೇಲೆ ಇನ್ನೊಂದನ್ನು ತಂದುಕೊಂಡಂತೆ.

ಹಂತ 5: ಬೆಚ್ಚಗಿನ ನೀರಿನ ಸ್ನಾನ

ಟ್ಯಾಂಕಿನ ಬಿಸಿ ಸರಿಯಾದ ಮೇಲೆ ಇದನ್ನು ಮಾಡಿ, ಅದಕ್ಕೆ ಮೊದಲಲ್ಲ. ತಣ್ಣನೆಯ ಟ್ಯಾಂಕಿನಿಂದ ತೆಗೆದು ಬೆಚ್ಚಗೆ ಮಾಡಿ ಮತ್ತೆ ತಣ್ಣನೆಯ ಟ್ಯಾಂಕಿಗೆ ಬಿಟ್ಟರೆ ಏನು ಸಿಕ್ಕಿತು?

ಮುಚ್ಚಳ ಇರುವ ಸಾಧಾರಣ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಇನ್ನು ಮುಂದೆ ಅದು ಗೆಕ್ಕೊ ಡಬ್ಬಿ, ಅಡುಗೆಗೆ ವಾಪಸ್ ಹೋಗಬಾರದು. ಮುಚ್ಚಳದಲ್ಲಿ ಗಾಳಿಗೆ ತೂತು ಮಾಡಿ. ತಳಕ್ಕೆ ಒಂದು ಪೇಪರ್ ಟವಲ್ ಹಾಸಿದರೆ ಕಾಲು ಜಾರುವುದಿಲ್ಲ. ಜಾರಿದರೆ ಗಾಬರಿಯಾಗಿ ಡಬ್ಬಿ ತುಂಬಾ ಒದ್ದಾಡುತ್ತವೆ. ನೀರು ಉಗುರುಬೆಚ್ಚಗೆ, ಲೆಪರ್ಡ್ ಗೆಕ್ಕೊಗೆ 29ರಿಂದ 32 ಡಿಗ್ರಿ. ನಮ್ಮ ಕೈಗೆ ಇದು ಬಿಸಿ ಅಂತಲೇ ಅನಿಸುವುದಿಲ್ಲ. ಕೈಗೆ ಹಿತವಾಗಿ ಬಿಸಿ ಅನಿಸಿದರೆ ಅದು ಆಗಲೇ ಜಾಸ್ತಿಯಾಗಿದೆ. ಹಾಗಾಗಿ ಥರ್ಮಾಮೀಟರ್ ಅದ್ದಿಯೇ ನೋಡಿ. ಕ್ರೆಸ್ಟೆಡ್‌ಗೆ ಇನ್ನೂ ಕಡಿಮೆ, 25-26 ಸಾಕು.

ನೀರಿನ ಆಳ ಗೆಕ್ಕೊದ ಮೊಣಕೈವರೆಗೆ. ಹೊಟ್ಟೆ ಮುಳುಗಬೇಕು, ಗಲ್ಲ ಮುಳುಗಬಾರದು. ಸುಸ್ತಾಗಿರುವುದರಿಂದ ತಲೆ ಎತ್ತಿ ಹಿಡಿಯಲು ಆಗದೇ ಇರಬಹುದು. ಆದ್ದರಿಂದ ಪಕ್ಕದಲ್ಲೇ ಕೂರಿ. ಫೋನ್ ಬಂತು ಅಂತ ಎದ್ದು ಹೋಗಬೇಡಿ.

ಎತ್ತುವಾಗ ಅಂಗೈಯನ್ನು ಹೊಟ್ಟೆಯ ಕೆಳಗೆ ಕೊಡಿ. ಬಾಲ ಹಿಡಿಯಲೇಬೇಡಿ. ಕಳಚಿ ಕೈಗೆ ಬರುತ್ತದೆ. ಕೂಡಿಟ್ಟ ಕೊಬ್ಬೆಲ್ಲ ಅದರ ಜೊತೆ ಹೋಯಿತು. ಲೆಪರ್ಡ್‌ಗೆ ಬಾಲ ಮತ್ತೆ ಬೆಳೆಯುತ್ತದೆ, ಕ್ರೆಸ್ಟೆಡ್‌ಗೆ ಅದೂ ಇಲ್ಲ.

15ರಿಂದ 20 ನಿಮಿಷ ಇರಲಿ. ನೀರು ಆರುತ್ತಾ ಹೋಗುತ್ತದೆ. ಹತ್ತು ನಿಮಿಷಕ್ಕೆ ಒಂದು ಸಲ ಮೂಲೆಯಿಂದ ಸ್ವಲ್ಪ ಬೆಚ್ಚನೆ ನೀರು ಸೇರಿಸಿ, ಮೈ ಮೇಲೆ ಸುರಿಯಬೇಡಿ. ಚುಕ್ಕಿ ಮೊದಲ ಐದು ನಿಮಿಷ ಡಬ್ಬಿಯ ಗೋಡೆ ಪರಚಿದಳು. ಆಮೇಲೆ ಸುಮ್ಮನಾದಳು. ಎರಡು ಸಲ ನೀರು ನೆಕ್ಕಿದಳು. ಕಣ್ಣು ಅರ್ಧ ಮುಚ್ಚಿ ನಿಂತುಬಿಟ್ಟಳು. ಮೊದಲ ದಿನ ಏನೂ ಬರಲಿಲ್ಲ.

ಸ್ನಾನದಿಂದ ಚರ್ಮದ ಮೂಲಕ ನೀರು ಒಳಗೆ ಹೋಗಿ ಎಲ್ಲ ಕರಗುತ್ತದೆ ಅಂತ ತಿಳಿಯಬೇಡಿ, ಅಷ್ಟೆಲ್ಲ ಹೋಗುವುದಿಲ್ಲ. ಬೆಚ್ಚಗಾಗುತ್ತದೆ, ನೀರು ಕುಡಿಯುತ್ತದೆ, ಕೈಕಾಲು ಆಡಿಸುತ್ತದೆ. ಈ ಮೂರೂ ಸೇರಿ ಕರುಳಿಗೆ ಚಾಲನೆ ಸಿಗುತ್ತದೆ.

ತೆಗೆದ ಮೇಲೆ ಮೆತ್ತನೆಯ ಟಿಶ್ಯೂನಿಂದ ಒತ್ತಿ ನೀರು ತೆಗೆದು, ಕೂಡಲೇ ಬೆಚ್ಚಗಿನ ಗೂಡಿಗೆ ಬಿಡಿ. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ಜಾಸ್ತಿ ಮಾಡಿದಷ್ಟೂ ಒತ್ತಡ ಜಾಸ್ತಿ. ಆಮೇಲೆ ನಿಮ್ಮ ಕೈ ಸೋಪಿನಲ್ಲಿ ತೊಳೆಯಿರಿ. ಹಲ್ಲಿ ಜಾತಿಯ ಪ್ರಾಣಿಗಳ ಹಿಕ್ಕೆಯಲ್ಲಿ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಆ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ.

ಹಂತ 6: ಹೊಟ್ಟೆ ಉಜ್ಜಬಹುದಾ?

ಉಜ್ಜಬಹುದು, ಆದರೆ ಬಹಳ ಜನ ಇದನ್ನು ತಪ್ಪಾಗಿ ಮಾಡುತ್ತಾರೆ. ಗೆಕ್ಕೊ ನೀರಿನಲ್ಲಿ ನಿಂತಿರುವಾಗಲೇ, ಒದ್ದೆ ಬೆರಳಿನಿಂದ, ಹೊಟ್ಟೆಯ ಮಧ್ಯದಿಂದ ಬಾಲದ ಕಡೆಗೆ ಮಾತ್ರ ಸವರಬೇಕು. ನಿಮ್ಮ ಕಣ್ಣಿನ ರೆಪ್ಪೆ ಮುಚ್ಚಿ ಅದರ ಮೇಲೆ ಬೆರಳಾಡಿಸಿ ನೋಡಿ. ಅಷ್ಟೇ ಒತ್ತಡ, ಅದಕ್ಕಿಂತ ಜಾಸ್ತಿ ಬೇಡ. ಒಂದೆರಡು ನಿಮಿಷ ಸಾಕು. ಕೈಗೆ ಗಟ್ಟಿ ಉಂಡೆ ಸಿಕ್ಕಿದರೆ ಅಲ್ಲೇ ನಿಲ್ಲಿಸಿ. ಅದನ್ನು ಹಿಂಡಿ ತಳ್ಳಲು ಹೋದರೆ ಕರುಳು ಹರಿಯಬಹುದು. ಗೆಕ್ಕೊ ಬಾಯಿ ತೆರೆದರೆ, ಮೈ ಬಿಗಿ ಮಾಡಿದರೆ ನೋವಾಗುತ್ತಿದೆ ಅಂತ ಅರ್ಥ. ನಿಜ ಹೇಳಬೇಕೆಂದರೆ ನಾನು ಉಜ್ಜಲಿಲ್ಲ. ಕೈ ನಡುಗುತ್ತಿತ್ತು.

ಎಣ್ಣೆ ಕುಡಿಸುವ ವಿಷಯ

ಇದನ್ನು ಹಂತ ಅಂತ ಕರೆಯಲು ನನಗೆ ಮನಸ್ಸಿಲ್ಲ. ಕೇಳಿದವರೆಲ್ಲ ಒಂದು ಹನಿ ಮಿನರಲ್ ಆಯಿಲ್, ಒಂದು ಹನಿ ಆಲಿವ್ ಎಣ್ಣೆ ಅಂತ ಹೇಳುತ್ತಾರೆ. ಮಿನರಲ್ ಆಯಿಲ್‌ಗೆ ರುಚಿ ಇಲ್ಲ, ವಾಸನೆ ಇಲ್ಲ. ತಪ್ಪಿ ಶ್ವಾಸನಾಳಕ್ಕೆ ಇಳಿದರೂ ಪ್ರಾಣಿಗೆ ಗೊತ್ತಾಗಿ ಹೊರಗೆ ಹಾಕುವುದಿಲ್ಲ. ಎಣ್ಣೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಆಗುತ್ತದೆ. ಡಾಕ್ಟರು ಪರೀಕ್ಷಿಸಿ, ಇಷ್ಟು ಅಂತ ಅಳತೆ ಹೇಳಿ, ಕೊಡುವ ವಿಧಾನ ತೋರಿಸಿದರೆ ಮಾತ್ರ ಕೊಡಿ. ಮನುಷ್ಯರ ಭೇದಿ ಮಾತ್ರೆ, ಸಿರಪ್, ಗುದದಿಂದ ನೀರು ಹಾಕುವುದು, ಇವು ಯಾವುದೂ ಮನೆಯಲ್ಲಿ ಬೇಡ. 60 ಗ್ರಾಂ ಪ್ರಾಣಿಗೆ ನಮ್ಮ ಒಂದು ಹನಿ ಎಷ್ಟು ದೊಡ್ಡದು ಅಂತ ಯೋಚಿಸಿ. ಬೇಯಿಸಿದ ಕುಂಬಳಕಾಯಿ ಕೊಡಿ ಅನ್ನುವವರೂ ಇದ್ದಾರೆ. ಲೆಪರ್ಡ್ ಗೆಕ್ಕೊ ಹುಳ ತಿನ್ನುವ ಪ್ರಾಣಿ, ತರಕಾರಿ ಅದರ ಊಟವೇ ಅಲ್ಲ.

ಹಂತ 7: ಎಷ್ಟು ದಿನ ಕಾಯಬೇಕು?

ಮೇಲೆ ಹೇಳಿದ ಅಪಾಯದ ಗುರುತು ಯಾವುದೂ ಇಲ್ಲದೆ, ಕಣ್ಣು ಚುರುಕಾಗಿದ್ದು, ಸಂಜೆ ಎದ್ದು ಓಡಾಡುತ್ತಿದ್ದರೆ, ಬಿಸಿ ಸರಿಮಾಡಿದ ಮೇಲೆ ಎರಡು ದಿನ ಕೊಡಿ. ಮರಿಯಾದರೆ ಒಂದೇ ದಿನ. ಅಷ್ಟರಲ್ಲಿ ಏನೂ ಬಾರದಿದ್ದರೆ ಇನ್ನೊಂದು ಸ್ನಾನ, ಇನ್ನೊಂದು ದಿನ ಅಂತ ಮುಂದೂಡಬೇಡಿ. ಈ ಗಡುವನ್ನು ಮೊದಲ ದಿನವೇ ಕಾಗದದಲ್ಲಿ ಬರೆದು ಟ್ಯಾಂಕಿಗೆ ಅಂಟಿಸಿ. ಮನಸ್ಸು ಆಮೇಲೆ ನೆಪ ಹುಡುಕುತ್ತದೆ.

ಎಲ್ಲ ಪಶುವೈದ್ಯರೂ ಹಲ್ಲಿ, ಹಾವು ನೋಡುವುದಿಲ್ಲ. ಸರೀಸೃಪಗಳ ಅನುಭವ ಇರುವವರು ಯಾರು ಅಂತ ಗೆಕ್ಕೊ ಚೆನ್ನಾಗಿರುವಾಗಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಹೋಗುವಾಗ ಕೊನೆಯ ಹಿಕ್ಕೆ ಉಳಿದಿದ್ದರೆ ಒಂದು ಸಣ್ಣ ಡಬ್ಬಿಯಲ್ಲಿ ತೆಗೆದುಕೊಳ್ಳಿ. ಹೊಟ್ಟೆಯಲ್ಲಿ ಪರಾವಲಂಬಿ ಜೀವಿಗಳಿದ್ದರೆ ಅದರಲ್ಲಿ ಸಿಗಬಹುದು. ಟ್ಯಾಂಕಿನ ಫೋಟೊ, ಎರಡೂ ಬದಿಯ ಬಿಸಿ, ತೂಕ, ಏನು ತಿಂದಿತ್ತು, ಕ್ಯಾಲ್ಸಿಯಂ ಹೇಗೆ ಕೊಡುತ್ತೀರಿ ಅನ್ನುವುದನ್ನು ಬರೆದುಕೊಂಡು ಹೋಗಿ. ಪ್ರಯಾಣದಲ್ಲಿ ಗೆಕ್ಕೊ ತಣ್ಣಗಾಗದಿರಲಿ, ಡಬ್ಬಿಗೆ ನೇರ ಬಿಸಿಲೂ ಬೀಳದಿರಲಿ.

ಅಲ್ಲಿ ಮೊದಲು ಎಕ್ಸ್‌ರೇ ತೆಗೆಯಬಹುದು. ಮರಳು, ಸಣ್ಣ ಕಲ್ಲು ಇದ್ದರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಹುಳುವಿನ ಸಿಪ್ಪೆ, ನಾರು ಅಷ್ಟು ಸ್ಪಷ್ಟ ಕಾಣುವುದಿಲ್ಲ. ಆಗ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ದ್ರವ ಕುಡಿಸಿ ಅದು ಎಲ್ಲಿ ನಿಲ್ಲುತ್ತದೆ ಅಂತ ನೋಡುವುದುಂಟು. ಮೊಟ್ಟೆಯ ಅನುಮಾನ ಇದ್ದರೆ ಸ್ಕ್ಯಾನಿಂಗ್. ಚಿಕಿತ್ಸೆ ಬಹಳ ಸಲ ದ್ರವ ಕೊಡುವುದರಿಂದಲೇ ಶುರುವಾಗುತ್ತದೆ. ನೀರಿನಂಶ ಸೇರಿದರೆ ಒಳಗಿನದು ಮೆತ್ತಗಾಗುತ್ತದೆ. ಅಳತೆ ಮಾಡಿದ ಔಷಧಿ, ಎನಿಮಾ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಅದಕ್ಕೆ ಚಿಕಿತ್ಸೆ, ಇವೆಲ್ಲ ಆಮೇಲೆ. ಯಾವುದಕ್ಕೂ ಬಗ್ಗದಿದ್ದರೆ ಆಪರೇಷನ್. ಇಷ್ಟು ಸಣ್ಣ ಪ್ರಾಣಿಗೆ ಅದು ದೊಡ್ಡ ಅಪಾಯವೇ. ಅಲ್ಲಿವರೆಗೆ ತಂದುಕೊಳ್ಳಬಾರದು ಅಂತಲೇ ಎರಡು ದಿನದ ಗಡುವು.

ಬಂತು! ಈಗ?

ಚುಕ್ಕಿಗೆ ಬಂದದ್ದು ಎರಡನೇ ದಿನ ರಾತ್ರಿ, ಸ್ನಾನ ಆಗಿ ಮೂರು ಗಂಟೆ ಮೇಲೆ, ಅದೇ ಎಡಮೂಲೆಯಲ್ಲಿ. ಉದ್ದಕ್ಕೆ, ಕಪ್ಪಗೆ, ಒಣಕಲಾಗಿ ಇತ್ತು. ಪಕ್ಕದಲ್ಲಿ ಹಳದಿ ತಿರುಗಿದ ಯೂರೇಟ್. ಟೂತ್‌ಪಿಕ್‌ನಿಂದ ಬಿಡಿಸಿ ನೋಡಿದೆ. ಮೀಲ್‌ವರ್ಮ್ ಹುಳುಗಳ ಸಿಪ್ಪೆ, ಉಂಗುರ ಉಂಗುರವಾಗಿ, ಎಣಿಸಬಹುದಾದಷ್ಟು ಇಡಿಯಾಗಿ ಉಳಿದಿತ್ತು. ಹಿಕ್ಕೆ ನೋಡಿ ಅಷ್ಟು ಖುಷಿಪಟ್ಟದ್ದು ಜೀವನದಲ್ಲಿ ಅದೇ ಮೊದಲು.

ನೀವೂ ಬಿಡಿಸಿ ನೋಡಿ. ಅಸಹ್ಯ ಪಡಬೇಡಿ, ಕೈಗವಸು ಹಾಕಿಕೊಳ್ಳಿ. ಮರಳು ಇದ್ದರೆ ಬೆರಳಿಗೆ ಗರಗರ ಸಿಗುತ್ತದೆ. ಒಳಗೆ ಏನಿತ್ತು ಅನ್ನುವುದು ಕಾರಣವನ್ನೂ ಹೇಳುತ್ತದೆ. ಒಂದು ಸಲ ಬಂದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ಹಿಂದೆ ಇನ್ನೂ ಇರಬಹುದು. ಮರುದಿನವೇ ಹೊಟ್ಟೆ ತುಂಬಾ ತಿನ್ನಿಸಬೇಡಿ. ಒಂದು ದಿನ ಬಿಟ್ಟು ಎರಡು ಸಣ್ಣ ಮೆತ್ತನೆಯ ಹುಳು ಕೊಡಿ. ಅದು ಹಿಕ್ಕೆಯಾಗಿ ಹೊರಗೆ ಬರುವುದನ್ನು ಕಾದು ನೋಡಿ, ಆಮೇಲೆ ಹೆಚ್ಚಿಸಿ. ಪೇಪರ್ ಟವಲ್ ಇನ್ನೂ ಎರಡು ವಾರ ಇರಲಿ.

ಮತ್ತೆ ಆಗದಂತೆ

ಹುಳುವಿನ ಗಾತ್ರಕ್ಕೆ ಹಳೆಯ ಅಳತೆ ಒಂದಿದೆ: ಗೆಕ್ಕೊ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳು ದಪ್ಪ ಇರಬಾರದು. ಮೀಲ್‌ವರ್ಮ್ ಕೆಟ್ಟದ್ದಲ್ಲ, ಆದರೆ ಸಿಪ್ಪೆ ಜಾಸ್ತಿ. ಬಿಸಿ ಕಡಿಮೆಯಿರುವ ಹೊಟ್ಟೆಗೆ ಅದನ್ನೇ ದಿನಾ ಸುರಿದರೆ ಚುಕ್ಕಿಯ ಕಥೆಯೇ ಆಗುತ್ತದೆ. ಈಗ ಪೊರೆ ಬಿಟ್ಟು ಬೆಳ್ಳಗಿರುವ ಹುಳುಗಳನ್ನು ಆರಿಸಿ ಕೊಡುತ್ತೇನೆ, ನಡುವೆ ಕ್ರಿಕೆಟ್, ಡುಬಿಯಾ ಜಿರಳೆ. ಹುಳುಗಳಿಗೂ ಕೊಡುವ ಹಿಂದಿನ ದಿನ ಕ್ಯಾರೆಟ್, ಸೊಪ್ಪು ತಿನ್ನಿಸಿರಬೇಕು. ಗೆಕ್ಕೊಗೆ ಸಿಗುವ ನೀರಿನ ಒಂದು ಪಾಲು ಬರುವುದು ಹುಳುವಿನ ಹೊಟ್ಟೆಯಿಂದಲೇ.

ಕ್ಯಾಲ್ಸಿಯಂ ಇಲ್ಲಿ ಎರಡು ಕಡೆಯಿಂದ ಬರುತ್ತದೆ. ಕರುಳಿನ ಸ್ನಾಯು ಹಿಂಡಲು ಕ್ಯಾಲ್ಸಿಯಂ ಬೇಕು. ಕಡಿಮೆಯಾದರೆ ಮೂಳೆ ಮೆತ್ತಗಾಗುವುದರ ಜೊತೆಗೆ ಕರುಳೂ ಸೋಮಾರಿಯಾಗುತ್ತದೆ. ಇನ್ನೊಂದು, ಕೊರತೆ ಇರುವ ಗೆಕ್ಕೊ ನೆಲ ನೆಕ್ಕಲು ಶುರುಮಾಡುತ್ತದೆ. ಮರಳು ಹೊಟ್ಟೆಗೆ ಹೋಗುವ ಒಂದು ದಾರಿ ಇದು. ಮಣ್ಣು ನೆಕ್ಕುತ್ತಿದೆ ಅಂದರೆ ಮಣ್ಣು ತೆಗೆದರಷ್ಟೇ ಸಾಲದು, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಲೆಕ್ಕ ನೋಡಿ.

ಇದಕ್ಕೆ ಪರಿಹಾರ ಅನ್ನುವಂತೆ ಮಾರುವ ಕ್ಯಾಲ್ಸಿಯಂ ಮರಳು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು. ನುಂಗಿದರೂ ಕರಗುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಕ್ಯಾಲ್ಸಿಯಂ ರುಚಿ ಇರುವುದರಿಂದ ಅವು ಬೇಕಂತಲೇ ನೆಕ್ಕುತ್ತವೆ. ಆ ಸುಣ್ಣ ಹೊಟ್ಟೆಯ ಆಮ್ಲವನ್ನೇ ತಗ್ಗಿಸುತ್ತದೆ, ಒದ್ದೆಯಾದರೆ ಉಂಡೆ ಕಟ್ಟುತ್ತದೆ. ಅಕ್ರೋಟು ಸಿಪ್ಪೆಯ ಪುಡಿಯೂ ಬೇಡ, ಅದರ ಅಂಚು ಚೂಪು. ಮರುಭೂಮಿಯ ಪ್ರಾಣಿಗೆ ಮರಳು ಬೇಡವೇ ಅಂತ ಕೇಳುತ್ತಾರೆ. ಲೆಪರ್ಡ್ ಗೆಕ್ಕೊ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಕಡೆಯದು. ಆದರೆ ಅದು ಇರುವುದು ಕಲ್ಲು, ಗಟ್ಟಿ ಮಣ್ಣಿನ ಒಣ ನೆಲದಲ್ಲಿ, ಸಡಿಲ ಮರಳ ದಿಬ್ಬದಲ್ಲಲ್ಲ. ಬಿಸಿ, ನೀರು, ಕ್ಯಾಲ್ಸಿಯಂ ಎಲ್ಲ ಸರಿಯಿರುವ ಬೆಳೆದ ಗೆಕ್ಕೊ ನಾಲ್ಕು ಕಾಳು ಮಣ್ಣು ನುಂಗಿದರೆ ಹಿಕ್ಕೆಯಲ್ಲಿ ಹೊರಗೆ ಹಾಕುತ್ತದೆ. ಆ ಧೈರ್ಯದ ಮೇಲೆ ಗಟ್ಟಿ ಮಣ್ಣು ಹಾಸುವ ಅನುಭವಸ್ಥರನ್ನು ನಾನು ತಪ್ಪು ಅನ್ನುವುದಿಲ್ಲ. ಮರಿಗಳಿಗೆ, ಕಾಯಿಲೆ ಬಿದ್ದವಕ್ಕೆ, ಹೊಸದಾಗಿ ಸಾಕುವವರಿಗೆ ಮಾತ್ರ ಟೈಲ್ ಅಥವಾ ಪೇಪರ್ ಟವಲ್. ಊಟ ಬಟ್ಟಲಿನಲ್ಲಿ ಅಥವಾ ಚಿಮಟದಲ್ಲಿ ಕೊಡಿ.

ಒದ್ದೆ ಪಾಚಿ ತುಂಬಿದ ಒಂದು ಗೂಡು ಟ್ಯಾಂಕಿನ ನಡುವೆ ಯಾವಾಗಲೂ ಇರಲಿ. ಪೊರೆ ಬಿಡಲು ಅಂತ ಅದನ್ನು ಇಡುತ್ತಾರೆ, ಆದರೆ ಮೈಯ ನೀರು ಆರದಂತೆಯೂ ಅದು ಕಾಯುತ್ತದೆ. ಚುಕ್ಕಿಯ ಟ್ಯಾಂಕಿನ ಪಕ್ಕ ಈಗ ಒಂದು ಹಳೆಯ ಕ್ಯಾಲೆಂಡರ್ ನೇತಾಡುತ್ತಿದೆ. ತಿಂದ ದಿನಕ್ಕೆ ಒಂದು ಗೆರೆ, ಹಿಕ್ಕೆ ಹಾಕಿದ ದಿನಕ್ಕೆ ಒಂದು ಚುಕ್ಕೆ, ಭಾನುವಾರ ತೂಕ ಮತ್ತು ಟೈಲಿನ ಬಿಸಿ. ಮನೆಗೆ ಬಂದವರು ಇದೇನು ಹಾಲಿನ ಲೆಕ್ಕವಾ ಅಂತ ಕೇಳುತ್ತಾರೆ.